‘ಮೇಲಿನ ಪ್ರಕರಣದ ಅಕ್ಷರ’ ಎಂದರೇನು? ಕೇಸು ಎಂಬ ಪದದ ಬಗ್ಗೆ ಒಂದು ಪ್ರಶ್ನೆ

ಕೌಂಟರ್ ಎರಡು (ತುಮಕೂರು ಜಿಲ್ಲೆ)

ನಾನು ತಾಲ್ಲೂಕು ಕೇಂದ್ರದಲ್ಲಿ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತೇನೆ. ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನ, ಹೀಗೆ ದಿನವಿಡೀ ಯಾವುದಾದರೂ ಒಂದು. ಕಳೆದ ಮಂಗಳವಾರ ಒಬ್ಬರು ತಾತ ಬಂದರು. ಅವರಿಗೆ ಒಂದು ಜಾಲತಾಣದಲ್ಲಿ ಖಾತೆ ತೆರೆಯಬೇಕಿತ್ತು. ತಾತನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಪಾಸ್‌ವರ್ಡ್ ಅವರದೇ ಆಗಿರಲಿ, ನಾನು ನೋಡಬಾರದು ಎಂದು ಕನ್ನಡದ ಪುಟ ತೆರೆದು ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ಅಲ್ಲಿ ಹೀಗಿತ್ತು: ‘ಗುಪ್ತಪದದಲ್ಲಿ ಕನಿಷ್ಠ ಒಂದು ಮೇಲಿನ ಪ್ರಕರಣ ಮತ್ತು ಒಂದು ಕೆಳಗಿನ ಪ್ರಕರಣ ಇರತಕ್ಕದ್ದು.’

ತಾತ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: ‘ತಾಯಿ, ನಮ್ಮದು ಕೆಳಗಿನ ಕೋರ್ಟಿನಲ್ಲಿ ಒಂದೇ ಇರುವುದು. ಮೇಲಿನ ಕೋರ್ಟಿಗೆ ಇನ್ನೂ ಹೋಗಿಲ್ಲ. ಎರಡೂ ಇದ್ದವರಿಗೆ ಮಾತ್ರ ಕೊಡುತ್ತಾರೆಯೇ?’

ಅವರ ಜಮೀನಿನ ಗಡಿ ವ್ಯಾಜ್ಯ ಹನ್ನೊಂದು ವರ್ಷದಿಂದ ನಡೆಯುತ್ತಿದೆ. ನಗುವ ಹಾಗೂ ಇರಲಿಲ್ಲ. ‘ಇದು ಆ ಕೇಸಲ್ಲ ತಾತ, ಇಂಗ್ಲಿಷಿನ ದೊಡ್ಡ ಎ, ಬಿ, ಸಿ, ಡಿ. ಇಂಗ್ಲಿಷಿನಲ್ಲಿ ಅದಕ್ಕೆ ಅಪ್ಪರ್ ಕೇಸ್, ಸಣ್ಣದಕ್ಕೆ ಲೋವರ್ ಕೇಸ್ ಎನ್ನುತ್ತಾರೆ’ ಎಂದೆ. ‘ಹಾಗಾದರೆ ಅದಕ್ಕೆ ಕೇಸು ಎಂದು ಯಾಕೆ ಹೆಸರಿಟ್ಟರು?’ ಎಂದರು. ನನಗೆ ಗೊತ್ತಿರಲಿಲ್ಲ.

ಆ ದಿನ ಸಂಜೆಯವರೆಗೆ ಸುಮ್ಮನೆ ಕಿವಿಗೊಟ್ಟೆ. ಕೌಂಟರಿನ ಮುಂದೆ ಎಷ್ಟು ಕೇಸುಗಳು ಹಾದುಹೋದವು ಗೊತ್ತೇ? ಪೊಲೀಸ್ ಕೇಸು, ಹೆರಿಗೆ ಕೇಸು, ಹಾವು ಕಚ್ಚಿದ ಕೇಸು, ಮೊಬೈಲಿನ ಹಿಂದಿನ ಕೇಸು, ಸೂಟ್‌ಕೇಸು, ಪಕ್ಕದ ಅಂಗಡಿಯವನಿಗೆ ಬಂದ ಎರಡು ಕೇಸು ಸೋಡಾ. ಜಗಳವಾಡಿ ಹೋದವನೊಬ್ಬನ ಬೆನ್ನ ಹಿಂದೆ ‘ಬಿಡಿ, ಅದೊಂದು ಕೇಸು’ ಎಂಬ ಮಾತೂ ಬಂತು. ಇವೆಲ್ಲ ಒಂದೇ ಪದವೇ? ದೊಡ್ಡಕ್ಷರಕ್ಕೆ ‘ಮೇಲಿನ’ ಎಂಬ ಹೆಸರು ಹೇಗೆ ಬಂತು? ತಾತ ಮುಂದಿನ ವಾರ ಮತ್ತೆ ಬರುತ್ತಾರೆ, ಉತ್ತರ ಕೇಳಿಯೇ ಕೇಳುತ್ತಾರೆ.

ಕಟಕಟೆ

ನಾನು ವಕೀಲರ ಗುಮಾಸ್ತ. ನ್ಯಾಯಾಲಯದ ಮಟ್ಟಿಗೆ ಹೇಳುತ್ತೇನೆ. ಸಿವಿಲ್ ಕಡತದ ಮೇಲೆ ನಾವು ಬರೆಯುವುದು ಒ.ಎಸ್., ಎಂದರೆ ಒರಿಜಿನಲ್ ಸೂಟ್. ಕನ್ನಡದಲ್ಲಿ ಮೂಲ ದಾವೆ. ಆದ್ದರಿಂದ ನಿಮ್ಮ ತಾತನದು ಕಾಗದದ ಮೇಲೆ ಕೇಸೇ ಅಲ್ಲ, ಸೂಟು. ಕೇಸು ಎಂದು ಕಾಗದದಲ್ಲಿ ಬರುವುದು ಹೆಚ್ಚಾಗಿ ಕ್ರಿಮಿನಲ್ ಕಡೆ. ಸೂಟು, ಕೇಸು ಎರಡೂ ಸೇರಿದರೆ ಬಟ್ಟೆಯ ಪೆಟ್ಟಿಗೆಯಾಗುತ್ತದೆ ಎಂಬುದು ನಮ್ಮ ಬಾರ್ ಕೋಣೆಯ ಹಳೆಯ ತಮಾಷೆ. ಬ್ರೀಫ್ ಎಂದರೂ ವಕೀಲರ ಕಾಗದವೇ, ಹಾಗಾಗಿ ಬ್ರೀಫ್‌ಕೇಸಿನಲ್ಲಿ ಕೇಸು ಒಯ್ಯುವುದು ನಮ್ಮ ನಿತ್ಯದ ಕೆಲಸ.

ಇನ್ನೊಂದು ಗೊಂದಲವೂ ಇದೆ. ದಿನದ ವಿಚಾರಣೆಯ ಪಟ್ಟಿಗೆ ಕಾಸ್ ಲಿಸ್ಟ್ ಎನ್ನುತ್ತಾರೆ. ಅದು ‘ಕಾರಣ’ ಎಂಬ ಅರ್ಥದ ಬೇರೆಯೇ ಪದ. ಒಮ್ಮೆ ಕಕ್ಷಿದಾರರೊಬ್ಬರು ‘ಕಾಸ್ ಲಿಸ್ಟಿನಲ್ಲಿ ನಿಮ್ಮ ಹೆಸರಿದೆ’ ಎಂದೊಡನೆ ಜೇಬಿಗೆ ಕೈ ಹಾಕಿ, ‘ಎಷ್ಟು ಬರೆದಿದ್ದಾರೆ?’ ಎಂದು ಕೇಳಿದ್ದರು.

ಅನುವಾದ ಮಾಡಿದ ಯಂತ್ರಕ್ಕೆ ‘ಪ್ರಕರಣ’ ಒಂದೇ ಗೊತ್ತಿದ್ದಂತಿದೆ. ಮೊಕದ್ದಮೆ, ವ್ಯಾಜ್ಯ, ದಾವೆ, ಉತ್ತರ ಕರ್ನಾಟಕದ ಖಟ್ಲೆ, ಯಾವುದನ್ನೂ ಅದು ಕೇಳಿಲ್ಲ.

ಹಳೆಯ ಮೊಳೆ (ಗದಗ)

ತಂಗಿ, ನಿನ್ನ ಕೊನೆಯ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ. ‘ಮೇಲಿನ ಕೇಸು’ ನನ್ನ ಕಣ್ಣೆದುರು ಹದಿನೆಂಟು ವರ್ಷ ಇತ್ತು.

1974ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ನಾನು ಇಲ್ಲಿಯ ಒಂದು ಪ್ರೆಸ್ಸಿಗೆ ಕಂಪೋಸಿಂಗ್ ಕಲಿಯಲು ಸೇರಿದೆ. ಕಂಪೋಸಿಂಗ್ ಎಂದರೆ ಮೊಳೆ ಜೋಡಿಸುವುದು. ಅಚ್ಚಿನ ಅಕ್ಷರಕ್ಕೆ ಕನ್ನಡದಲ್ಲಿ ಮೊಳೆ ಎನ್ನುತ್ತಾರೆ. ಸೀಸಕ್ಕೆ ಆಂಟಿಮನಿ, ತವರ ಬೆರೆಸಿ ಎರಕ ಹೊಯ್ದ ಪುಟ್ಟ ಕಡ್ಡಿ. ಅದರ ತಲೆಯ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಾದ ಅಕ್ಷರ. ಈ ಮೊಳೆಗಳನ್ನು ಹಾಕಿಡುವ ಮರದ ತಟ್ಟೆಯೇ ಕೇಸು. ಒಳಗೆ ಪಟ್ಟಿ ಹೊಡೆದು ಚೌಕಾಬಾರದ ಹಾಗೆ ಮನೆಗಳನ್ನು ಮಾಡಿರುತ್ತಾರೆ, ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ.

ಇಂಗ್ಲಿಷ್ ಜೋಡಿಸಲು ಇಂಥ ಎರಡು ತಟ್ಟೆ ಬೇಕು. ಓರೆಯಾದ ಸ್ಟ್ಯಾಂಡಿನ ಮೇಲೆ ಒಂದರ ಮೇಲೊಂದು ಇಡುತ್ತಿದ್ದೆವು. ಸಣ್ಣಕ್ಷರ ಹೆಚ್ಚು ಬೇಕಾಗುವುದರಿಂದ ಅದು ಕೈಗೆ ಹತ್ತಿರದ ಕೆಳಗಿನ ತಟ್ಟೆಯಲ್ಲಿ. ದೊಡ್ಡಕ್ಷರ ಅಪರೂಪ, ಕೈ ಚಾಚಿದರೂ ನಡೆಯುತ್ತದೆ, ಅದು ಮೇಲಿನ ತಟ್ಟೆಯಲ್ಲಿ. ಮೇಲಿನ ಕೇಸು, ಕೆಳಗಿನ ಕೇಸು. ತಾತನಿಗೆ ಇಷ್ಟು ಹೇಳಿದರೆ ಸಾಕು.

ಸಾಕು ಎಂದೆ, ಆದರೆ ನನಗೆ ಸಾಲದು. ಮೇಲಿನ ಕೇಸಿನಲ್ಲಿ ಏಳು ಸಾಲು, ಸಾಲಿಗೆ ಹದಿನಾಲ್ಕು, ಒಟ್ಟು 98 ಮನೆ, ಎಲ್ಲವೂ ಒಂದೇ ಅಳತೆ. ಅಕ್ಷರಗಳು ಶಾಲೆಯಲ್ಲಿ ಕಲಿತ ಕ್ರಮದಲ್ಲಿಯೇ ಇರುತ್ತವೆ, ಎರಡನ್ನು ಬಿಟ್ಟು. ಜೆ ಮತ್ತು ಯು ತಮ್ಮ ಜಾಗದಲ್ಲಿ ಇರುವುದಿಲ್ಲ, ಝಡ್ ಆದ ಮೇಲೆ ಕುಳಿತಿರುತ್ತವೆ. ಹೊಸದಾಗಿ ಸೇರಿದ ಹುಡುಗರೆಲ್ಲ ಅಲ್ಲಿ ಎಡವುತ್ತಿದ್ದರು. ನಾನು ಒಂದು ಮದುವೆಯ ಕಾರ್ಡಿನಲ್ಲಿ ಜೂನ್ ಎಂದು ಜೋಡಿಸಲು ಹೋಗಿ, ಜೆ ಇರಬೇಕಾದ ಮನೆಗೆ ಕೈ ಹಾಕಿ ಕೆ ತೆಗೆದೆ. ಪ್ರೂಫಿನಲ್ಲಿ ‘ಕೂನ್’ ಆಗಿತ್ತು. ನಮ್ಮ ಹಿರಿಯ ಕಂಪೋಸಿಟರ್ ಸ್ಟಿಕ್ಕಿನ ತುದಿಯಿಂದ ಬೆರಳ ಗಂಟಿಗೆ ಒಂದು ಕೊಟ್ಟು ಆಮೇಲೆ ಕಾರಣ ಹೇಳಿದರು: ಈ ಮನೆಗಳನ್ನು ಗೊತ್ತುಮಾಡಿದ ಕಾಲದಲ್ಲಿ ಜೆ ಮತ್ತು ಯು ಪ್ರತ್ಯೇಕ ಅಕ್ಷರಗಳೇ ಆಗಿರಲಿಲ್ಲ, ಐ ಮತ್ತು ವಿ ಅವುಗಳ ಕೆಲಸವನ್ನೂ ಮಾಡುತ್ತಿದ್ದವು. ಆಮೇಲೆ ಬಂದವರಿಗೆ ಸಾಲಿನ ಕೊನೆಯಲ್ಲಿ ಜಾಗ. ಬಸ್ಸಿನಲ್ಲಿಯೂ ಹಾಗೆಯೇ ಅಲ್ಲವೇ?

ಕೆಳಗಿನ ಕೇಸಿನಲ್ಲಿ ವರ್ಣಮಾಲೆಯ ಕ್ರಮಕ್ಕೆ ಬೆಲೆಯಿಲ್ಲ. ಹೆಚ್ಚು ಬೇಕಾದದ್ದು ನಡುವೆ, ದೊಡ್ಡ ಮನೆಯಲ್ಲಿ. ಎಲ್ಲಕ್ಕಿಂತ ದೊಡ್ಡ ಮನೆ ‘ಇ’ ಅಕ್ಷರದ್ದು. ಕರೆಂಟು ಹೋದರೂ ನಾವು ಜೋಡಿಸುತ್ತಲೇ ಇರುತ್ತಿದ್ದೆವು, ಕೈಗೆ ದಾರಿ ಗೊತ್ತಿತ್ತು.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹಾಗೆಂದು ಒಂದು ಕೇಸು ಸಾಲುತ್ತದೆ ಎಂದುಕೊಳ್ಳಬೇಡ. ಕಾಗುಣಿತ ಬೇರೆ, ಒತ್ತುಗಳು ಬೇರೆ. ನಮ್ಮಲ್ಲಿ ಕನ್ನಡಕ್ಕೆ ನಾಲ್ಕು ಕೇಸು ಇದ್ದವು. ಎರಡು ಎದುರಿಗೆ, ಎಡಕ್ಕೊಂದು, ಬಲಕ್ಕೊಂದು. ಕನ್ನಡ ಜೋಡಿಸುವವನು ನಿಂತಲ್ಲೇ ಸಣ್ಣಗೆ ಕುಣಿಯುತ್ತಿದ್ದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಕಿಟೆಲ್ ನಿಘಂಟನ್ನು ಅಚ್ಚು ಮಾಡಿದವರನ್ನು ನೆನೆಸಿಕೊಂಡರೆ ನನಗೆ ಈಗಲೂ ಮೊಣಕಾಲು ನೋಯುತ್ತದೆ. ಅದರಲ್ಲಿ ಸಾಲು ಸಾಲಿಗೂ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಕೈ ಹಾರಬೇಕು.

ಒಟ್ಟಿನಲ್ಲಿ ಕೇಸು ಎಂದರೆ ಪೆಟ್ಟಿಗೆ. ಸೂಟ್‌ಕೇಸೂ ಪೆಟ್ಟಿಗೆ, ಸೋಡಾದ ಕೇಸೂ ಪೆಟ್ಟಿಗೆ. ಕೋರ್ಟಿನ ಕಾಗದಗಳನ್ನೂ ಹಿಂದೆ ಪೆಟ್ಟಿಗೆಯಲ್ಲಿ ಇಡುತ್ತಿದ್ದಿರಬೇಕು, ಅದರಿಂದ ಅದಕ್ಕೂ ಅದೇ ಹೆಸರು ಬಂತು.

ಏಳು ವಿಭಕ್ತಿ (ಪ್ರೌಢಶಾಲೆಯ ಕನ್ನಡ ಮೇಷ್ಟ್ರು)

ಹಿರಿಯರೇ, ನಿಮ್ಮ ಮರದ ಕೇಸಿನ ವಿವರ ಓದಿ ಹೊಟ್ಟೆ ತುಂಬಿತು. ಕೊನೆಯ ಮಾತನ್ನು ಮಾತ್ರ ಒಪ್ಪಲಾರೆ. ಇವು ಎರಡು ಬೇರೆ ಪದಗಳು, ಇಂಗ್ಲಿಷಿಗೆ ಬರುವ ಹೊತ್ತಿಗೆ ಉಚ್ಚಾರ ಸವೆದು ಒಂದೇ ರೂಪಕ್ಕೆ ಬಂದಿವೆ. ನಮ್ಮ ‘ಕರೆ’ ಇಲ್ಲವೇ? ಫೋನಿನ ಕರೆ, ಬಟ್ಟೆಯ ಮೇಲಿನ ಕರೆ, ಹಾಲು ಕರೆ. ಮೂರಕ್ಕೂ ಸಂಬಂಧವಿಲ್ಲ.

ಪೆಟ್ಟಿಗೆಯ ಕೇಸು ಲ್ಯಾಟಿನ್ನಿನ ‘ಕಾಪ್ಸಾ’ದಿಂದ ಬಂದದ್ದು. ಅದರ ಮೂಲ, ಹಿಡಿದುಕೊಳ್ಳು ಎಂಬ ಅರ್ಥದ ಧಾತು. ಅದೇ ಮನೆತನದವು ಕ್ಯಾಪ್ಸೂಲ್, ಕ್ಯಾಸೆಟ್, ಹಣದ ಕ್ಯಾಶ್. ಕ್ಯಾಶ್ ಎಂದರೆ ಮೊದಲು ಹಣದ ಪೆಟ್ಟಿಗೆ, ಆಮೇಲೆ ಅದರೊಳಗಿನ ಹಣ. ನೀವು ಪುಟ ಕಟ್ಟಿ ಬಿಗಿಯುತ್ತಿದ್ದ ಕಬ್ಬಿಣದ ಚೌಕಟ್ಟಿಗೆ ಚೇಸ್ ಎನ್ನುತ್ತಾರಲ್ಲವೇ, ಅದೂ ಇದೇ ‘ಕಾಪ್ಸಾ’ದ ಮರಿ. ಅಲ್ಲಿಗೆ ನಿಮ್ಮ ಎಡಗೈ ಬಲಗೈ ಎರಡರಲ್ಲೂ ಒಂದೇ ಪದವಿತ್ತು.

ಕ್ಯಾಶ್ ವಿಷಯಕ್ಕೆ ಬಂದರೆ ಅಲ್ಲಿಯೂ ಇಬ್ಬರಿದ್ದಾರೆ. ಚಿಲ್ಲರೆ ನಾಣ್ಯ ಎಂಬ ಅರ್ಥದಲ್ಲಿ ಇಂಗ್ಲಿಷರು ಬಳಸಿದ ಇನ್ನೊಂದು ಕ್ಯಾಶ್ ನಮ್ಮ ದಕ್ಷಿಣದ ಕಾಸು, ಪೋರ್ಚುಗೀಸರ ಬಾಯಿಂದ ಹಾದು ಹೋದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ ಕನ್ನಡದಲ್ಲಿ ಕಾಸು ಎಂದೂ ಇಂಗ್ಲಿಷಿನಲ್ಲಿ ಕ್ಯಾಶ್ ಎಂದೂ ಒಟ್ಟಿಗೆ ಇರುವುದನ್ನು ನೋಡಬಹುದು. ಕಟಕಟೆಯವರ ಕಕ್ಷಿದಾರರು ಜೇಬಿಗೆ ಕೈ ಹಾಕಿದ್ದು ಅಷ್ಟೇನೂ ತಪ್ಪಲ್ಲ.

ಕೋರ್ಟಿನ ಕೇಸು, ಆಸ್ಪತ್ರೆಯ ಕೇಸು, ‘ಅದೊಂದು ಕೇಸು’ ಎಂಬ ಬೈಗುಳ, ಇವು ‘ಕಾಸುಸ್’ ಎಂಬುದರಿಂದ ಬಂದವು. ಅರ್ಥ: ಬೀಳುವುದು. ಮೇಲಿನಿಂದ ಬಂದು ಬಿದ್ದದ್ದು, ಅಂದರೆ ಒದಗಿಬಂದದ್ದು, ಸಂಭವಿಸಿದ್ದು. ಆಸ್ಪತ್ರೆಯ ಕ್ಯಾಷುವಲ್ಟಿ, ನಾವು ಮೇಷ್ಟ್ರುಗಳು ಲೆಕ್ಕ ಹಾಕಿ ಇಟ್ಟುಕೊಳ್ಳುವ ಕ್ಯಾಷುವಲ್ ಲೀವ್, ಎರಡೂ ಅದರ ಮಕ್ಕಳು. ಆ ರಜೆಗೆ ಸರ್ಕಾರಿ ಕನ್ನಡದಲ್ಲಿ ‘ಸಾಂದರ್ಭಿಕ ರಜೆ’ ಎಂದು ಹೆಸರಿಟ್ಟವರು ಪದದ ಒಳಗು ಬಲ್ಲವರು. ನಮ್ಮ ಊರಿನವರು ನಿಘಂಟು ನೋಡದೆಯೇ ‘ಅವನ ಮೇಲೆ ಕೇಸು ಬಿತ್ತು’ ಎನ್ನುತ್ತಾರೆ. ಇದು ಕಾಕತಾಳೀಯ, ಆದರೂ ತರಗತಿಯಲ್ಲಿ ಹೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

‘ಇನ್ ಕೇಸ್’ ಎಂಬಲ್ಲಿ ಇರುವುದೂ ಇದೇ ಕೇಸು. ಅದಕ್ಕೆ ಅನುವಾದಕರು ಹೋದಲ್ಲೆಲ್ಲ ‘ಒಂದು ವೇಳೆ’ ಅಂಟಿಸುತ್ತಾರೆ. ‘ಇರಲಿ ಎಂದು ಕೊಡೆ ತೆಗೆದುಕೊಂಡೆ’ ಎನ್ನುವಾಗ ಆ ‘ಇರಲಿ ಎಂದು’ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಇನ್ನು ನನ್ನ ಅಡ್ಡಹೆಸರಿನ ಕೇಸು. ವ್ಯಾಕರಣದ ವಿಭಕ್ತಿಗೂ ಇಂಗ್ಲಿಷಿನಲ್ಲಿ ಕೇಸ್ ಎಂದೇ ಹೆಸರು. ನಾಮಪದ ಪ್ರಥಮಾ ವಿಭಕ್ತಿಯಲ್ಲಿ ನೆಟ್ಟಗೆ ನಿಂತಿರುತ್ತದೆ, ಉಳಿದ ವಿಭಕ್ತಿಗಳಲ್ಲಿ ವಾಲುತ್ತದೆ, ಬೀಳುತ್ತದೆ ಎಂಬುದು ಗ್ರೀಕರ ಕಲ್ಪನೆ. ಲ್ಯಾಟಿನ್ನಿನವರು ಅದನ್ನೇ ಅನುವಾದಿಸಿಕೊಂಡರು. ನಮ್ಮವರು ಬೀಳಿಸಲಿಲ್ಲ, ವಿಭಾಗಿಸಿದರು, ಅದಕ್ಕೇ ವಿಭಕ್ತಿ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಬೆಂಚಿನ ಮೇಲೆ ನಿಂತು ಒಪ್ಪಿಸಿದವರಿಗೆಲ್ಲ ನೆನಪಿರುತ್ತದೆ.

ಹಳೆಯ ಮೊಳೆ (ಗದಗ)

ಮೇಷ್ಟ್ರೇ, ತಪ್ಪಾಯಿತು. ಎರಡು ಪದ ಎಂಬುದನ್ನು ಒಪ್ಪಿದೆ. ಆದರೆ ನಿಮ್ಮ ಕೊನೆಯ ಸಾಲು ಓದಿ ನಿನ್ನೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಮ್ಮ ಕನ್ನಡದ ಕೇಸುಗಳಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿದ್ದ ಮನೆ ಯಾವುದು ಹೇಳಿ ನೋಡೋಣ. ಅ ಅಲ್ಲ, ಕ ಅಲ್ಲ. ಲಕಾರದ ಒತ್ತು. ಅದರ ಹಿಂದೆಯೇ ನಕಾರದ ಒತ್ತು. ದೊಡ್ಡ ಪುಸ್ತಕ ಹಿಡಿದರೆ ಹದಿನಾರನೆಯ ಪುಟಕ್ಕೆ ಬರುವಷ್ಟರಲ್ಲಿ ಲ ಒತ್ತಿನ ಮನೆಯ ತಳ ಕಾಣುತ್ತಿತ್ತು. ಅಲ್ಲಿಗೆ ಜೋಡಣೆ ನಿಂತಂತೆ. ಮೊದಲಿನ ಪುಟಗಳು ಟ್ರೆಡಲ್ ಯಂತ್ರದಲ್ಲಿ ಅಚ್ಚಾಗಿ ಬರಬೇಕು, ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಚ್ಚಬೇಕು, ಒಂದೊಂದೇ ಮೊಳೆಯನ್ನು ಅದರದರ ಮನೆಗೆ ಸೇರಿಸಬೇಕು, ಆಮೇಲೆ ಹದಿನೇಳನೆಯ ಪುಟ. ಎಷ್ಟು ತರಿಸಿದರೂ ಆ ಒತ್ತು ಸಾಲುತ್ತಿರಲಿಲ್ಲ. ಕಾರಣ ಯಾರೂ ಕೇಳಿರಲಿಲ್ಲ. ‘ಲ ಒತ್ತು ತಿನ್ನುವ ದೆವ್ವ ಇದೆ’ ಎಂದು ನಗುತ್ತಿದ್ದೆವು.

ನಿನ್ನೆ ನಿಮ್ಮ ಪಟ್ಟಿ ನೋಡಿದಾಗ ಹೊಳೆಯಿತು. ಮನೆಯಲ್ಲಿ, ಊರಿನಲ್ಲಿ, ಕಾಲದಲ್ಲಿ: ಸಪ್ತಮಿ ಬಂದಾಗಲೆಲ್ಲ ಒಂದು ಲ ಒತ್ತು ಹೋಯಿತು. ಅವನನ್ನು, ಮನೆಯನ್ನು, ಇದನ್ನು: ದ್ವಿತೀಯೆಗೆ ಒಂದೊಂದು ನ ಒತ್ತು. ಅದಕ್ಕೆ, ಇದಕ್ಕೆ ಎಂದು ಚತುರ್ಥಿ ಬಂದರೆ ಕ ಒತ್ತು. ಹದಿನೆಂಟು ವರ್ಷ ನನ್ನ ಕೇಸನ್ನು ಬರಿದು ಮಾಡುತ್ತಿದ್ದದ್ದು ನಿಮ್ಮ ಕೇಸು!

ಕೇಸು ಬೀಳುವ ವಿಷಯದಲ್ಲಿಯೂ ನನಗೆ ಅನುಭವವಿದೆ. 1983ರ ಜನವರಿ, ವಿಧಾನಸಭೆಯ ಚುನಾವಣೆ. ರಾತ್ರಿ ಎರಡು ಗಂಟೆಗೆ ಒಬ್ಬ ಅಭ್ಯರ್ಥಿಯ ಕರಪತ್ರ ಕಟ್ಟುತ್ತಿದ್ದೆ. ಹೆಸರು ದೊಡ್ಡ ಮೊಳೆಯಲ್ಲಿಯೇ ಬರಬೇಕೆಂದು ಅವರ ಕಡೆಯವರು ತಲೆಯ ಮೇಲೆ ನಿಂತಿದ್ದರು. ಪುಟ ಚೇಸಿನಲ್ಲಿ ಕೂರಲಿಲ್ಲ, ಒಂದು ಸಾಲು ಹೆಚ್ಚಾಯಿತು. ಅಡಿಯಲ್ಲಿದ್ದ ಸಣ್ಣ ಸಾಲು ಯಾರು ಓದುತ್ತಾರೆ ಎಂದು ಕಿತ್ತು ಹಾಕಿ ಬಿಗಿದೆ. ಅದು ಮುದ್ರಕರ ಹೆಸರು, ವಿಳಾಸದ ಸಾಲು. ಚುನಾವಣೆಯ ಕರಪತ್ರದಲ್ಲಿ ಆ ಸಾಲು ಇಲ್ಲದಿದ್ದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಪ್ರಕಾರ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿಯ ತನಕ ದಂಡ, ಇಲ್ಲವೇ ಎರಡೂ. ನನಗೆ ಇದು ತಿಳಿದದ್ದು ಪೊಲೀಸರು ಪ್ರೆಸ್ಸಿನ ಬಾಗಿಲಿಗೆ ಬಂದ ಮೇಲೆ. ಮಾಲೀಕರು ಎರಡು ವರ್ಷ ಅಲೆದು ದಂಡ ಕಟ್ಟಿ ಬಂದರು. ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ, ಸಂಬಳದಲ್ಲಿಯೂ ಹಿಡಿಯಲಿಲ್ಲ. ಆದರೆ ಯಾರಾದರೂ ಗಿರಾಕಿ ಬಂದು ಕುಳಿತರೆ ಸಾಕು, ನನ್ನ ಕಡೆ ಬೆರಳು ತೋರಿಸಿ ಹೇಳುತ್ತಿದ್ದರು: ‘ಇವನ ಕೇಸಿನಿಂದ ಒಂದು ಸಾಲು ಬಿತ್ತು, ನನ್ನ ಮೇಲೆ ಒಂದು ಕೇಸು ಬಿತ್ತು.’

ಕೌಂಟರ್ ಎರಡು (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ತಾತ ಇವತ್ತು ಬಂದಿದ್ದರು. ಮರದ ತಟ್ಟೆಯ ಕಥೆ ಹೇಳಿದೆ. ಕೈಯಲ್ಲಿ ಮೇಲೊಂದು ಕೆಳಗೊಂದು ತಟ್ಟೆ ಹಿಡಿದಂತೆ ಮಾಡಿ ತೋರಿಸಿದೆ. ‘ಮೊದಲೇ ಹಾಗೆ ಬರೆಯಬಾರದಿತ್ತೇ’ ಎಂದರು. ಪರದೆಯ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದೇನೆ: ‘ಒಂದಾದರೂ ದೊಡ್ಡಕ್ಷರ, ಒಂದಾದರೂ ಸಣ್ಣಕ್ಷರ ಇರಬೇಕು.’ ಕೆಳಗೆ ಮಾದರಿಗೆ ಎರಡನ್ನೂ ಬರೆದಿಟ್ಟಿದ್ದೇನೆ. ಅವರ ಖಾತೆ ತೆರೆಯಿತು. ಸೂಟು ಬೇರೆ, ಕೇಸು ಬೇರೆ ಎಂಬುದನ್ನು ಹೇಳಲಿಲ್ಲ. ಹನ್ನೊಂದು ವರ್ಷ ಕೇಸು ಎಂದೇ ಓಡಾಡಿದವರು.

ಗದಗಿನ ಹಿರಿಯರೇ, ಒಂದು ಕೇಳಲೇ? ನಿಮ್ಮ ಆ ಕೇಸುಗಳು ಈಗ ಎಲ್ಲಿವೆ?

ಹಳೆಯ ಮೊಳೆ (ಗದಗ)

1992ರಲ್ಲಿ ನಮ್ಮಲ್ಲಿ ಡಿಟಿಪಿ, ಎಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು, ಬಂತು, ತಂಗಿ. ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದರು, ಸೀಸದ ಬೆಲೆಗೆ ಹೋದವು. ಕೇಸುಗಳು ಸೌದೆಗೆ ಹೋಗುವುದರಲ್ಲಿದ್ದವು. ಒಂದನ್ನು ಕೇಳಿ ಮನೆಗೆ ತಂದೆ. ಲ ಒತ್ತು ಇದ್ದ ಎಡಗಡೆಯ ಕೇಸು. ನನ್ನಾಕೆ ಜೀರಿಗೆ, ಸಾಸಿವೆ ಹಾಕಿಡಲು ಕೇಳಿದಳು, ಕೊಡಲಿಲ್ಲ. ಎಷ್ಟು ತೊಳೆದರೂ ಮೂಲೆಯಲ್ಲಿ ಸೀಸದ ಪುಡಿ ಕುಳಿತಿರುತ್ತದೆ, ಅಡುಗೆಮನೆಗೆ ತರುವ ವಸ್ತುವಲ್ಲ ಅದು.

ಈಗ ಅದು ಮಗನ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಒಳಗೆ ಈಗಲೂ ಮೊಳೆಗಳೇ ಇವೆ, ಕಬ್ಬಿಣದವು. ಲ ಒತ್ತಿನ ದೊಡ್ಡ ಮನೆಗೆ ಒಂದು ಇಂಚಿನವು ಬಂದಿವೆ, ಏಕೆಂದರೆ ದಿನವೂ ಮೊದಲು ಮುಗಿಯುವುದು ಅವೇ.